ಗಿಟಾರಿಗೆ ಆನೆಯ ಆಯ ಇಟ್ಟ ಬೋಜಣ್ಣನವರಿಗೆ

ಮಾನ್ಯರೇ,

ಮಂಗಲ್ಪಾಡಿ ಪಂಚಾಯತಿನ ಅರ್ಧಕ್ಕರ್ಧ ಬಾಗಿಲುಗಳನ್ನು ನಿಲ್ಲಿಸಿದವರೂ, ಉಪ್ಪಳದ ರೈಲ್ವೇ ಗೇಟಿನ ಆಚೆ ತಗಡಿನ ಮಾಡಿನ ಕೆಳಗೆ ನಲವತ್ತು ವರ್ಷಗಳಿಂದ ಉಳಿ ಹಿಡಿದು ಕುಳಿತವರೂ, ಇದುವರೆಗೆ ಯಾರ ಮನೆಯ ಮಂಚವೂ ಕಿರುಗುಟ್ಟದ ಹಾಗೆ ನೋಡಿಕೊಂಡವರೂ ಆದ ಬಡಗಿ ಬೋಜಣ್ಣನವರ ಸನ್ನಿಧಿಗೆ, ಅದೇ ಪಂಚಾಯತಿನ ಅಲ್ರಾಯ್ ಎಂಬ ಇಪ್ಪತ್ತೊಂದು ವರ್ಷದ ಗಿಟಾರ್ ಪ್ರೇಮಿ ತಲೆಯ ಟೊಪ್ಪಿ ತೆಗೆದು ಸಲ್ಲಿಸುವ ನಮಸ್ಕಾರಗಳು. ತಮ್ಮ ಕೈ, ತಮ್ಮ ಉಳಿ, ಕಿವಿಯ ಮೇಲಿನ ತಮ್ಮ ಪೆನ್ಸಿಲ್ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾನು ಕ್ಷೇಮವಿಲ್ಲ. ಕಾರಣ, ಅರ್ಧ ಬೆರಳು.

ಇದನ್ನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಖಾಸಗಿಯಾಗಿ ನಾನು ಮೂರು ಸಲ ಬಂದು ಹೇಳಿದ್ದೇನೆ. ಮೂರೂ ಸಲ ತಾವು ಯಾರದೋ ಕಿಟಕಿಗೆ ಕೀಸುಳಿ ಹೊಡೆಯುತ್ತ, ತಲೆ ಎತ್ತದೆ, 'ಆಯ್ತು ಮಾರಾಯ, ನೋಡುವ' ಎಂದಿರಿ. ನಮ್ಮಲ್ಲಿ 'ನೋಡುವ' ಎಂದರೆ ಅದನ್ನು ಇನ್ನು ಯಾರೂ ನೋಡುವುದಿಲ್ಲ ಎಂದು ಅರ್ಥವಾಗದಷ್ಟು ನಾನು ಚಿಕ್ಕವನಲ್ಲ.

ಓದುವವರಿಗೆ ಗೊತ್ತಿರಲಿ ಎಂದು ಮೊದಲಿನಿಂದ ಹೇಳುತ್ತೇನೆ. ಕಳೆದ ವರ್ಷ ನಮ್ಮ ಇಗರ್ಜಿಯ ಹಳೆಯ ಹಲಸಿನ ಬೆಂಚುಗಳನ್ನು ತೆಗೆದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಎಡಗಡೆ ಮೂರನೆಯ ಸಾಲಿನ ಬೆಂಚಿನ ತುದಿಯಲ್ಲಿ ನನ್ನ ಅಜ್ಜಿ ಜೋಸ್ಫಿನ್ ಬಾಯಿಯವರು ಮದುವೆಯಾಗಿ ಬಂದ ವಾರದಿಂದ ಕೂರುತ್ತಿದ್ದರು. ಪಾದ್ರಿಯವರು ಆ ಬೆಂಚಿನ ಹಲಗೆಯನ್ನು ಅವರಿಗೇ ಕೊಟ್ಟರು. ಅಜ್ಜಿಗೆ ಅದರಲ್ಲಿ ಒಂದು ಹೊಸ ಹೆರೆಮಣೆ ಮಾಡಿಸಿ, ಅದರ ಮೇಲೆ ಕೂತು ಕಾಯಿ ತುರಿಯುವ ಆಸೆ. ನನಗೆ ಅದರಲ್ಲಿ ಇಲೆಕ್ಟ್ರಿಕ್ ಗಿಟಾರ್ ಮಾಡಿಸುವ ಆಸೆ. ಮೂರು ದಿನ ಮನೆಯಲ್ಲಿ ನಾನು ಪಾತ್ರೆ ತೊಳೆದ ಮೇಲೆ ಅಜ್ಜಿ ಒಪ್ಪಿದರು, ಒಂದು ಷರತ್ತಿನ ಮೇಲೆ: 'ಹಬ್ಬದ ಸಂಜೆ ನಾನು ಹಾಡುವ ಕೀರ್ತನೆಗೆ ನೀನು ಅದರಲ್ಲಿ ಸರಿಯಾಗಿ ಬಾರಿಸಬೇಕು. ಅಪಸ್ವರ ಬಂತೋ, ಬೋಜನ ಹತ್ತಿರ ಗರಗಸ ಉಂಟು.' ಆ ಹಬ್ಬ ಬರುವ ಭಾನುವಾರ. ಇವತ್ತು ಬುಧವಾರ.

ಮರದ ವಿಷಯದಲ್ಲಿ ತಾವು ನನಗೆ ಮಾಡಿದ ಮೊದಲ ಅವಮಾನವನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯುತ್ತೇನೆ. ನಾನು 'ತಂತಿ ಮತ್ತು ಮರ' ಎಂಬ ಚಾಟ್ ಗುಂಪಿನ ಸದಸ್ಯ. ಅಲ್ಲಿ ನಾವು ನಾನೂರ ಹನ್ನೆರಡು ಮಂದಿ ಇದ್ದೇವೆ. ಒಡಲಿಗೆ ಮಹಾಗನಿಯೋ ಆಲ್ಡರೋ, ಮೇಲೆ ಮೇಪಲ್ ಹೊದಿಸಬೇಕೋ ಬೇಡವೋ ಎಂದು ಏಳು ತಿಂಗಳು ಚರ್ಚಿಸಿ, ಎರಡು ಸಲ ಮತ ಹಾಕಿ, ಒಮ್ಮೆ ಗುಂಪು ಒಡೆದು ಮತ್ತೆ ಒಂದಾಗಿದ್ದೇವೆ. ಹಲಸಿಗೆ ಒಂದೂ ಮತ ಬಿದ್ದಿರಲಿಲ್ಲ. ಗುಂಪಿನ ಹಿರಿಯರಾದ ಕಾಸರಗೋಡಿನ ಹರಿನಾಥರು ಹಲಸಿನ ಧ್ವನಿ 'ಮಧ್ಯದಲ್ಲಿ ಮಂಕು' ಎಂದು ತೀರ್ಪು ಕೊಟ್ಟಿದ್ದರು. ಇದನ್ನೆಲ್ಲ ನಾನು ಮೊಬೈಲಿನಲ್ಲಿ ಓದಿ ಹೇಳುತ್ತಿರುವಾಗ ತಾವು ಹಲಗೆಯನ್ನು ಎತ್ತಿ, ಬೆರಳ ಗಿಣ್ಣಿನಿಂದ ಎರಡು ಸಲ ತಟ್ಟಿ, ಕಿವಿ ಇಟ್ಟು ಕೇಳಿ, 'ಇದು ಐವತ್ತು ಅರವತ್ತು ವರ್ಷ ಪಾದ್ರಿಗಳ ಪ್ರಸಂಗ ಕೇಳಿದ ಮರ. ಒಣಗಬೇಕಾದಷ್ಟು ಒಣಗಿದೆ. ಇನ್ನು ಬಾಗುವುದಿಲ್ಲ' ಎಂದು ಹೇಳಿ ಬೀಡಿ ಹಚ್ಚಿದಿರಿ. ಏಳು ತಿಂಗಳ ಚರ್ಚೆ ಒಂದು ಬೀಡಿಗೆ ಮುಗಿಯಿತು. ಹರಿನಾಥರನ್ನು ಆಮೇಲೆ ನಾನು ಖಾಸಗಿಯಾಗಿ ವಿಚಾರಿಸಿದಾಗ ಅವರಲ್ಲಿ ಗಿಟಾರ್ ಇಲ್ಲವೆಂದೂ, ಮರದ ಆಯ್ಕೆ ಇನ್ನೂ ಮುಗಿಯದ ಕಾರಣ ಒಂಬತ್ತು ವರ್ಷಗಳಿಂದ ಮಾಡಿಸಿಲ್ಲವೆಂದೂ ತಿಳಿಯಿತು.

ಪಿಕಪ್‌ಗಳದ್ದೂ ಇದೇ ಕಥೆ. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವ, ಅಯಸ್ಕಾಂತಕ್ಕೆ ತಾಮ್ರದ ಎಳೆ ಸುತ್ತಿದ ಆ ಎರಡು ಪುಟ್ಟ ಪೆಟ್ಟಿಗೆಗಳನ್ನು ಆರಿಸಲು ನಾನು ಮೂವತ್ತೆಂಟು ವೀಡಿಯೊ ನೋಡಿದ್ದೆ. ಯಾವುದನ್ನು ಕತ್ತಿನ ಬದಿಗೆ, ಯಾವುದನ್ನು ಬ್ರಿಡ್ಜಿನ ಬದಿಗೆ ಇಡಬೇಕೆಂದು ಬರೆದ ಚೀಟಿಯನ್ನು ನಾನು ಮನೆಯಲ್ಲಿ ಮರೆತು ಬಂದ ದಿನ ತಾವು ಅವುಗಳನ್ನು ಅಂಗಡಿಯ ನೆಲದ ಮೇಲೆ ಒಂದೊಂದಾಗಿ ಆಡಿಸಿ, ಬಿದ್ದ ಮೊಳೆಗಳನ್ನು ಹೆಚ್ಚು ಎತ್ತಿದ್ದನ್ನು ಬ್ರಿಡ್ಜಿನ ಬದಿಗೂ, ಕಡಿಮೆ ಎತ್ತಿದ್ದನ್ನು ಕತ್ತಿನ ಬದಿಗೂ ಕೂರಿಸಿಬಿಟ್ಟಿರಿ. ಚೀಟಿಯಲ್ಲೂ ಅದೇ ಇತ್ತು. ಇದು ಹೇಗಾಯಿತೆಂದು ನಾನು ಗುಂಪಿನಲ್ಲಿ ಕೇಳಿದ್ದೇನೆ, ಚರ್ಚೆ ನಡೆಯುತ್ತಿದೆ. ಅಂಗಡಿಯ ನೆಲವೂ ಅಷ್ಟು ಚೊಕ್ಕಟವಾಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಲೋಹದ ಸಾಮಾನುಗಳಲ್ಲಿ ನನಗೆ ಚಿನ್ನದ ಬಣ್ಣ ಬೇಕಿತ್ತು. ತಾವು ಪಡುವಣ ದಿಕ್ಕಿಗೆ ಕೈ ತೋರಿಸಿ, 'ಅಲ್ಲಿ ಎಂತ ಉಂಟು?' ಎಂದು ಕೇಳಿದಿರಿ. ಸಮುದ್ರ ಎಂದೆ. 'ಹಾಗಾದರೆ ಒಂದು ಮಳೆಗಾಲಕ್ಕೆ ನಿನ್ನ ಚಿನ್ನ ಹಿತ್ತಾಳೆಯಾಗ್ತದೆ, ಎರಡನೇದಕ್ಕೆ ಮಣ್ಣಾಗ್ತದೆ' ಎಂದು ಹೇಳಿ, ಮೀನಿನ ದೋಣಿಗೆ ಹಾಕುವ ತುಕ್ಕು ಹಿಡಿಯದ ತಿರುಪುಗಳನ್ನೇ ಎಲ್ಲ ಕಡೆ ಹಾಕಿದಿರಿ. ದನಿ ಏರಿಸುವ ಗುಬುಟಿಗೆ ಯಾರದೋ ಹಳೆಯ ಕಪಾಟಿನ ಬೀಟೆ ಹಿಡಿ ಬಂತು. ನಾನು ಒಪ್ಪಿದೆ. ನೋಡಲು ಚೆಂದವೇ ಇದೆ. ದನಿ ಏರಿಸುವಾಗ ಒಳಗಿನಿಂದ ಒಗೆದ ಸೀರೆ ಬರುತ್ತದೋ ಎಂದು ಒಂದು ಭಯವಾಗುತ್ತದೆ, ಅಷ್ಟೇ.

ಈಗ ಅರ್ಧ ಬೆರಳಿಗೆ ಬರುತ್ತೇನೆ.

ಗಿಟಾರಿನ ಪೂರ್ತಿ ಗಾತ್ರದ ನಕ್ಷೆಯನ್ನು ನಾನು ಕಾಗದದಲ್ಲಿ ಅಚ್ಚು ಹಾಕಿಸಿ ಕೊಟ್ಟಿದ್ದೆ. ತಂತಿ ಮೇಲಿನ ತುದಿಯಿಂದ ಬ್ರಿಡ್ಜಿನ ವರೆಗೆ ಇಪ್ಪತ್ತೈದೂವರೆ ಇಂಚು. ಬ್ರಿಡ್ಜ್ ಎಂದರೆ ತಂತಿಗಳು ಕೆಳಗೆ ಬಂದು ಕೂರುವ ತುಂಡು, ವೀಣೆಯವರು ಕುದುರೆ ಅನ್ನುತ್ತಾರಲ್ಲ, ಅದು. ಆ ಉದ್ದಕ್ಕೆ ಸರಿಯಾಗಿ ಕತ್ತಿನ ಮೇಲೆ ಇಪ್ಪತ್ತೆರಡು ಮೆಟ್ಟುಗಳು. ತಾವು ಮೆಟ್ಟುಗಳನ್ನು ಕಾಗದದಲ್ಲಿ ಇದ್ದ ಹಾಗೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರಿಸಿದಿರಿ. ಬ್ರಿಡ್ಜಿನ ಹತ್ತಿರ ಬಂದಾಗ ಮಾತ್ರ, ಯಾವ ಬಾಗಿಲನ್ನೂ ಆಯ ನೋಡದೆ, ಎಂದರೆ ಅಳತೆಯ ಶುಭಾಶುಭ ಲೆಕ್ಕ ಹಾಕದೆ, ಇಡದ ತಮ್ಮ ನಲವತ್ತು ವರ್ಷದ ಕೈ ತಡೆಯಲಿಲ್ಲ. ಇಂಚನ್ನು ಬಡಗಿಗಳ ಅಳತೆಯಾದ, ಮುಕ್ಕಾಲು ಇಂಚಿನ ಕೋಲು ಬೆರಳಿಗೆ ತಂದು, ಮೂರರಿಂದ ಗುಣಿಸಿ, ಎಂಟರಿಂದ ಭಾಗಿಸಿದಾಗ ಆರು ಉಳಿಯಿತು. ಆರು ಉಳಿದರೆ ಕತ್ತೆಯ ಆಯ. ಏಳು ಉಳಿದರೆ ಆನೆಯ ಆಯ, ಶುಭ. ಆದ್ದರಿಂದ ತಾವು ನನಗೆ ಒಂದು ಮಾತೂ ಹೇಳದೆ, ನನ್ನ ಒಳ್ಳೆಯದಕ್ಕೆ, ಬ್ರಿಡ್ಜನ್ನು ಅರ್ಧ ಬೆರಳು ಕೆಳಗೆ ಸರಿಸಿ, ನಾಲ್ಕು ಮೂಲೆಗೆ ನಾಲ್ಕು ದೋಣಿಯ ತಿರುಪು ಹಾಕಿ ಬಿಗಿದಿರಿ.

ಮನೆಯಾದರೆ ಅರ್ಧ ಬೆರಳಿಗೆ ಏನೂ ಆಗುವುದಿಲ್ಲ. ಜನ ಅದರಲ್ಲಿ ನೂರು ವರ್ಷ ಬಾಳುತ್ತಾರೆ. ಆದರೆ ಮೆಟ್ಟುಗಳು ಒಂದು ಉದ್ದಕ್ಕೆ, ತಂತಿ ಇನ್ನೊಂದು ಉದ್ದಕ್ಕೆ ಇದ್ದರೆ, ಕೈ ಮೇಲಿನ ಮೆಟ್ಟುಗಳಿಗೆ ಹೋದ ಹಾಗೆ ಸ್ವರ ಇಳಿಯುತ್ತ ಬರುತ್ತದೆ. ಬ್ರಿಡ್ಜಿನಲ್ಲಿ ಹಿಂದೆಮುಂದೆ ಮಾಡುವ ತಿರುಪುಗಳಿವೆ, ನಿಜ. ಅವು ಸರಿಯುವುದು ಒಂದು ಅಕ್ಕಿಕಾಳಿನಷ್ಟು. ಮೊನ್ನೆ ಭಾನುವಾರ ಅಭ್ಯಾಸದಲ್ಲಿ ನಮ್ಮ ಗಾಯನ ತಂಡವನ್ನು ನಡೆಸುವ ಪ್ರೀಮಾ ಅಕ್ಕ ಒಂದು ಚರಣ ಮುಗಿಯುವ ತನಕ ಕಣ್ಣು ಮುಚ್ಚಿ ಕೇಳಿ, ಬಹಳ ಮೆತ್ತಗೆ ಹೇಳಿದರು: 'ಅಲ್ರಾಯ್, ನೀನು ಕೆಳಗೆ ಬಾರಿಸುವಾಗ ನಮ್ಮ ಇಗರ್ಜಿಯವನು. ಮೇಲೆ ಹೋದ ಹಾಗೆ ಬೇರೆ ಇಗರ್ಜಿಗೆ ಹೋಗ್ತಿ.' ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಗೂ ಅದು ಕೇಳಿಸಿತು. ಮರುದಿನ ಬೆಳಿಗ್ಗೆ ಬಸ್ ಹತ್ತಿ ಹೋಗಿ ಹೆರೆಮಣೆಯ ಹಲ್ಲಿನ ಕಬ್ಬಿಣ ತಂದು, ತಮ್ಮ ಅಂಗಡಿಯಲ್ಲಿ ಕೊಟ್ಟು ಬಂದರು.

ಅಂದರೆ ಸ್ವಾಮಿ, ಈಗ ತಮ್ಮ ಬಳಿ ಒಂದೇ ಹಲಗೆಗೆ ಎರಡು ಆರ್ಡರ್ ಇವೆ. ಗಿಟಾರ್ ದುರಸ್ತಿಗೆಂದು ಗೋಡೆಯಲ್ಲಿ ನೇತಾಡುತ್ತಿದೆ, ಅದರ ಕೆಳಗೆ ಕಬ್ಬಿಣದ ಹಲ್ಲು ಕಾಯುತ್ತಿದೆ. ಬ್ರಿಡ್ಜನ್ನು ಅರ್ಧ ಬೆರಳು ಮೇಲೆ ತನ್ನಿ ಎಂದು ಮೂರನೆಯ ಸಲ ನಾನು ಬೇಡಿದಾಗ ತಾವು, 'ನೋಡುವ' ಎನ್ನುವ ಮೊದಲು ಈ ಆಯದ ಲೆಕ್ಕವನ್ನು ಬಿಚ್ಚಿಟ್ಟು, 'ಕತ್ತೆಯ ಆಯದಲ್ಲಿ ನಾನು ಕೋಳಿಗೂಡೂ ಕಟ್ಟಿದವನಲ್ಲ. ನಾಳೆ ಅದು ಕತ್ತೆಯ ಹಾಗೆ ಅರಚಿದರೆ ಹೆಸರು ಹಾಳಾಗುವುದು ಯಾರದ್ದು?' ಎಂದಿರಿ. ತಮ್ಮ ಹೆಸರಿನ ಬಗ್ಗೆ ನನಗೆ ತಮಗಿಂತ ಹೆಚ್ಚು ಕಾಳಜಿ ಇದೆ. ಆದ್ದರಿಂದಲೇ ವಿನಯದಿಂದ ತಿಳಿಸುತ್ತೇನೆ: ಅದು ಈಗ ಅರಚುತ್ತಿದೆ, ಮತ್ತು ಆನೆಯ ಆಯದಲ್ಲಿದ್ದುಕೊಂಡೇ ಅರಚುತ್ತಿದೆ.

ತಮ್ಮ ಶಾಸ್ತ್ರಕ್ಕೆ ಧಕ್ಕೆಯಾಗದ ಹಾಗೆ ಕೆಲವು ಪರಿಹಾರಗಳನ್ನು ಸೂಚಿಸುವ ಧೈರ್ಯ ಮಾಡುತ್ತೇನೆ. ಬ್ರಿಡ್ಜ್ ಇದ್ದಲ್ಲೇ ಇರಲಿ ಎಂದಾದರೆ, ಇಪ್ಪತ್ತೆರಡು ಮೆಟ್ಟುಗಳನ್ನೂ ಕಿತ್ತು ಆನೆಯ ಲೆಕ್ಕದಲ್ಲಿ ಹೊಸದಾಗಿ ಭಾನುವಾರದೊಳಗೆ ಕೂರಿಸಿಕೊಡಬಹುದು. ಅದು ಕಷ್ಟವಾದರೆ, ಎಂಟರಿಂದ ಭಾಗಿಸುವ ಪದ್ಧತಿಯನ್ನು ಈ ವಾರದ ಮಟ್ಟಿಗೆ ಒಂಬತ್ತರಿಂದ ಭಾಗಿಸುವ ಪದ್ಧತಿಯಾಗಿ ಬದಲಿಸಬಹುದು. ಪಂಚಾಯತಿನಲ್ಲಿ ಇದಕ್ಕೆ ಯಾವ ಅರ್ಜಿ ಕೊಡಬೇಕೆಂದು ನಾನೇ ವಿಚಾರಿಸುತ್ತೇನೆ. ಅದೂ ಆಗದಿದ್ದರೆ, ತಾವೇ ನಮ್ಮ ಮನೆಗೆ ಬಂದು, ಆ ಕೀರ್ತನೆಯ ರಾಗ ಮೊದಲಿನಿಂದಲೂ ಹೀಗೆಯೇ ಇಳಿದುಕೊಂಡು ಇತ್ತು, ಊರಿನವರೇ ಎತ್ತರಿಸಿ ಹಾಡಿ ಹಾಳು ಮಾಡಿದರು ಎಂದು ಜೋಸ್ಫಿನ್ ಬಾಯಿಯವರಿಗೆ ಮನದಟ್ಟು ಮಾಡಬಹುದು. ತಮ್ಮ ಮಾತನ್ನು ಅವರು ಕೇಳುತ್ತಾರೆ. ಅವರ ಮಂಚ ತಮ್ಮದೇ ಅಲ್ಲವೇ.

ಒಂದು ಮಾತು ಮಾತ್ರ ತಮಾಷೆಗೆ ಹೇಳುತ್ತಿಲ್ಲ. ಆ ಹಲಗೆ ಒಂದೇ ಇರುವುದು. ಅದರ ಒಂದು ತುದಿಯಲ್ಲಿ ಅಜ್ಜಿ ಕೂತು ಕೂತು ಆದ ತಗ್ಗನ್ನು ತಾವು ಕೀಸದೆ ಹಾಗೆಯೇ ಬಿಟ್ಟಿದ್ದೀರಿ. ಬಾರಿಸುವಾಗ ನನ್ನ ಮೊಣಕೈ ಸರಿಯಾಗಿ ಅಲ್ಲಿಗೆ ಬರುತ್ತದೆ. ಇದನ್ನು ನಾನು ಕೇಳಿರಲಿಲ್ಲ, ನಕ್ಷೆಯಲ್ಲಿ ಇರಲಿಲ್ಲ, ನಾನೂರ ಹನ್ನೆರಡು ಮಂದಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಇಷ್ಟು ತಿಳಿದವರು ಅರ್ಧ ಬೆರಳಿಗಾಗಿ ಇದನ್ನು ಕಾಯಿ ತುರಿಯಲು ಬಿಡುತ್ತಾರೆಂದು ನಂಬಲು ನನ್ನಿಂದ ಆಗುವುದಿಲ್ಲ.

ತಮ್ಮ ಕೀಸುಳಿಯ ಸಿಪ್ಪೆಯ ರಾಶಿಯಲ್ಲಿ ಈ ಪತ್ರ ಕಳೆದುಹೋಗದಿರಲಿ ಎಂದು ಹಾರೈಸುತ್ತ,

ತಮ್ಮ ವಿಶ್ವಾಸಿ,
ಅಲ್ರಾಯ್
ಮಂಗಲ್ಪಾಡಿ

ಹಿಂಬರಹ: ಶುಕ್ರವಾರ ನಾನು ಇದನ್ನು ತಮ್ಮ ಅಂಗಡಿಗೆ ತಂದು ಗಟ್ಟಿಯಾಗಿ ಓದಿದೆ. ತಾವು ಉಳಿ ಮಸೆಯುತ್ತ ಪೂರ್ತಿ ಕೇಳಿ, 'ಅಳತೆ ಎಲ್ಲಿಂದ ಎಲ್ಲಿಗೆ ತೆಗೆಯುವುದು ಅಂತ ಶಾಸ್ತ್ರ ಹೇಳಿಲ್ಲ. ಬಾಗಿಲಿಗೆ ಒಳಗಿನಿಂದಲೂ ತೆಗೀತೇವೆ, ಹೊರಗಿನಿಂದಲೂ ತೆಗೀತೇವೆ. ಇದನ್ನು ಮೊದಲೇ ಕೇಳಲಿಕ್ಕೆ ನಿನಗೆ ಎಂತ ದಾಡಿ?' ಎಂದಿರಿ. ಆಮೇಲೆ ಗಿಟಾರಿನ ತಲೆಯ ತುದಿಯಿಂದ ಬಾಲದಲ್ಲಿ ಹೆಗಲ ಪಟ್ಟಿ ಸಿಕ್ಕಿಸುವ ಗುಬುಟಿಯ ವರೆಗೆ ಅಳೆದು, ಗುಬುಟಿಯ ಅಡಿಗೆ ಒಂದು ಚೂರು ಬೀಟೆ ಇಟ್ಟು, ಆ ಅಳತೆಯಲ್ಲಿ ಏಳು ಉಳಿಯುವ ಹಾಗೆ ಮಾಡಿ ಆನೆಯನ್ನು ಅಲ್ಲಿಗೆ ಕಳಿಸಿ, ಒಂದು ಚಾ ಕುಡಿಯುವ ಹೊತ್ತಿನಲ್ಲಿ ಬ್ರಿಡ್ಜನ್ನು ನಕ್ಷೆಯ ಜಾಗಕ್ಕೆ ತಂದಿರಿ. ಇಷ್ಟು ಸುಲಭವಿದ್ದದ್ದಕ್ಕೆ ನಾನು ಐದು ರಾತ್ರಿ ನಿದ್ದೆ ಬಿಟ್ಟದ್ದನ್ನು ಯಾವ ಲೆಕ್ಕದಲ್ಲಿ ಭಾಗಿಸಬೇಕೆಂದು ತಿಳಿಸಬೇಕು. ಪತ್ರವನ್ನು ಹರಿಯೋಣವೆಂದರೆ ಬುಧವಾರವೇ ಗುಂಪಿನಲ್ಲಿ ಹಾಕಿಯಾಗಿದೆ. ಹಳೆಯ ತಿರುಪಿನ ತೂತುಗಳಲ್ಲಿ ಎರಡು ಬ್ರಿಡ್ಜಿನ ಅಡಿಗೆ ಹೋದವು, ಎರಡು ಹೊರಗೆ ಕಾಣುತ್ತವೆ. ಆನೆ ದಾಟಿದ ಹೆಜ್ಜೆ ಎಂದು ನಾನು ಫೋಟೊ ಹಾಕಿದರೆ, ಹರಿನಾಥರು ಅವು ಮರ ಉಸಿರಾಡಲು ಕೊರೆದ ರಂಧ್ರಗಳೆಂದು ವಿವರಿಸಿದ್ದಾರೆ. ಹದಿನೇಳು ಮಂದಿ ತಂತಮ್ಮ ಗಿಟಾರಿಗೂ ಕೊರೆಸಲು ತಮ್ಮ ಅಂಗಡಿಯ ದಾರಿ ಕೇಳಿದ್ದಾರೆ. ಬಂದರೆ ಬೇಡ ಎನ್ನಬೇಡಿ, ಮೊದಲು ಅವರನ್ನೇ ನಿಲ್ಲಿಸಿ ಅಳೆದು, ಯಾವ ಆಯಕ್ಕೆ ಬೀಳುತ್ತಾರೆಂದು ನೋಡಿ.

ಅಜ್ಜಿ ಸಂಜೆ ಅಂಗಡಿಗೆ ಬಂದು, ನನ್ನಿಂದ ಹನ್ನೆರಡನೆಯ ಮೆಟ್ಟಿನ ವರೆಗೆ ಬಾರಿಸಲು ಹೇಳಿ ಕೇಳಿಸಿಕೊಂಡರು. 'ಆಗಬಹುದು' ಎಂದರು. ಕಬ್ಬಿಣದ ಹಲ್ಲನ್ನು ಪೇಪರಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಹೋಗಿದ್ದಾರೆ. ಭಾನುವಾರ ಮೊದಲನೆಯ ಸಾಲಿನಲ್ಲಿ, ಅದೇ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಹಾಡುತ್ತಾರಂತೆ.