ಕೈ ಕಟ್ಟಿ ಕೂತ ಭಾನುವಾರ

"ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಸರಿ, ನಾಳೆ ಭಾನುವಾರ ಈ ಮನೇಲಿ ಯಾರಿಗೂ ನಾನು ಒಂದು ಕಡ್ಡಿ ಎತ್ತಿ ಕೊಡೋದಿಲ್ಲ!"

ಶನಿವಾರ ಸಂಜೆ, ಊದಿಕೊಂಡ ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟುಕೊಂಡು ನಾನು ಮಾಡಿದ ಭೀಷಣ ಪ್ರತಿಜ್ಞೆ ಇದು. ಅದಕ್ಕೆ ಸಾಕ್ಷಿಯಾಗಿದ್ದವರು ಟೀವಿ ನೋಡುತ್ತಿದ್ದ ನಮ್ಮ ಯಜಮಾನರೊಬ್ಬರೇ. ಅವರು ತಲೆಯನ್ನೂ ತಿರುಗಿಸದೆ, "ಭಾನುವಾರ ತಾನೇ? ಹಾಗಾದ್ರೆ ಈಗ ಒಂದು ಲೋಟ ಕಾಫಿ ಕೊಡು" ಎಂದರು. ನಾನು ಒದ್ದೆ ಕಾಲಲ್ಲೇ ಎದ್ದು ಹೋಗಿ ಮಾಡಿಕೊಟ್ಟೆ. ಪ್ರತಿಜ್ಞೆ ಮರುದಿನದ್ದು ನೋಡಿ!

ಈ ಪ್ರತಿಜ್ಞೆಯ ಹಿಂದೆ ಒಂದು ಕಣ್ಣೀರಿನ ಕಥೆಯಿದೆ. ನಲವತ್ತು ದಾಟಿದ ಮೇಲೆ ನಾನು ಆಸ್ಪತ್ರೆಯೊಂದರಲ್ಲಿ ಪೇಷೆಂಟ್ ಕೇರ್ ಟೆಕ್ನಿಷಿಯನ್ ತರಬೇತಿಗೆ ಸೇರಿದ್ದೇನೆ. ಹೆಸರು ಕೇಳಿದರೆ ರಾಕೆಟ್ ಹಾರಿಸುವವರ ಹಾಗಿದೆ. ಕೆಲಸ ಮಾತ್ರ ರೋಗಿಯನ್ನು ಎಬ್ಬಿಸುವುದು, ಕೂರಿಸುವುದು, ಮೈ ಒರೆಸುವುದು, ಬಟ್ಟೆ ತೊಡಿಸುವುದು, ಬಿಪಿ ನೋಡುವುದು, ರೋಗಿ ಮಲಗಿದ್ದಂತೆಯೇ ಅವನ ಕೆಳಗಿನ ಚಾದರ ಬದಲಾಯಿಸುವುದು. ಸೇರಿದ ದಿನವೇ ನಾನು ಮನೆಯಲ್ಲಿ ಎದೆ ಉಬ್ಬಿಸಿ ಹೇಳಿದ್ದೆ: "ಇದರಲ್ಲಿ ಕಲಿಯೋಕೆ ಏನಿದೆ? ಮದುವೆಯಾದಾಗಿನಿಂದ ನಾನು ಇದನ್ನೇ ತಾನೇ ಮಾಡ್ತಿರೋದು! ಯೂನಿಫಾರ್ಮ್ ಒಂದು ಇರಲಿಲ್ಲ ಅಷ್ಟೆ."

ಆ ಜಂಭ ಪ್ರಾಯೋಗಿಕ ಪರೀಕ್ಷೆಯ ತನಕ ಬಾಳಿತು. ಪರೀಕ್ಷೆಗೆ ನಿಜವಾದ ರೋಗಿಗಳನ್ನು ಕೊಡುವುದಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವ ಒಬ್ಬರನ್ನೇ ಮಂಚದ ಮೇಲೆ ಮಲಗಿಸುತ್ತಾರೆ. ವರ್ಷಗಟ್ಟಲೆ ಮಲಗಿ ಮಲಗಿ ಪಳಗಿದ ಕಲಾವಿದರು. ಎಲ್ಲರ ಬಾಯಲ್ಲೂ 'ಲಿಫ್ಟಣ್ಣ'. ಅಂದು ಅವರಿಗೆ ಪಾರ್ಶ್ವವಾಯು, ಎಡಗೈ ಬರುವುದಿಲ್ಲ, ಬಲಗೈ ಚೆನ್ನಾಗಿದೆ ಎಂದು ಹೇಳಿದ್ದರು. ನಾನು ಸುಂಟರಗಾಳಿಯ ಹಾಗೆ ನುಗ್ಗಿದವಳೇ ಹಲ್ಲುಜ್ಜಿದೆ, ತಲೆ ಬಾಚಿದೆ, ಅಂಗಿಯ ಗುಂಡಿ ಹಾಕಿದೆ, ಸೂಪನ್ನು ಉಫ್ ಉಫ್ ಎಂದು ಊದಿ ಊದಿ ಕುಡಿಸಿದೆ. ಕೊನೆಯ ಚಮಚ ಅವರು ಬೇಡವೆಂದಾಗ, "ಸುಮ್ನೆ ಬಾಯಿ ತೆಗೀರಿ! ಚೆಲ್ಲೋಕಾ ಮಾಡಿರೋದು?" ಎಂದು ಗದರಿದೆ ಕೂಡ. ಎಲ್ಲ ಮುಗಿಸಿ, ಇನ್ನೇನು ಚಪ್ಪಾಳೆ ಬೀಳುತ್ತದೆ ಎಂದು ತಿರುಗಿ ನೋಡಿದರೆ, ನಮಗೆ ಪಾಠ ಹೇಳುವ ದೊಡ್ಡ ಸಿಸ್ಟರ್ ಮುಖ ಗಂಟು ಹಾಕಿಕೊಂಡು ನಿಂತಿದ್ದಾರೆ!

"ಇವರ ಬಲಗೈಗೆ ಏನಾಗಿತ್ತಮ್ಮಾ?"

"ಏನೂ ಆಗಿಲ್ಲ ಸಿಸ್ಟರ್, ಗಟ್ಟಿಮುಟ್ಟಾಗಿದೆ."

"ಮತ್ತೆ ಅದಕ್ಯಾಕೆ ರಜೆ ಕೊಟ್ರಿ? ಕಾಯಿಲೆ ಎಡಗೈ ಕಿತ್ಕೊಂಡ್ತು, ನೀವು ಬಲಗೈನೂ ಕಿತ್ಕೊಂಡ್ರಿ! ಹೀಗೆ ನೋಡ್ಕೊಂಡ್ರೆ ಇವರು ವಾಸಿಯಾಗಿ ಮನೆಗೆ ಹೋಗ್ತಾರಾ? ಇಲ್ಲೇ ಬೇರು ಬಿಡ್ತಾರೆ. ರೋಗಿಗೆ ಏನು ಮಾಡೋಕೆ ಬರುತ್ತೋ ಅದನ್ನ ರೋಗೀನೇ ಮಾಡ್ಬೇಕು. ನೀವು ಪಕ್ಕದಲ್ಲಿ ನಿಂತು ನೋಡ್ಬೇಕು, ಧೈರ್ಯ ಹೇಳ್ಬೇಕು. ಆಗೋದೇ ಇಲ್ಲ ಅನ್ನೋವಾಗ ಮಾತ್ರ ಕೈ ಮುಂದೆ ಬರ್ಬೇಕು. ಫೇಲ್!"

"ಇಷ್ಟು ಚೆನ್ನಾಗಿ ಮಾಡಿದ್ದಕ್ಕೆ ಫೇಲಾ?"

"ಚೆನ್ನಾಗಿ ಮಾಡಿದ್ದಕ್ಕೇ ಫೇಲು!"

ಮಂಚದ ಮೇಲಿನಿಂದ ಲಿಫ್ಟಣ್ಣ, "ಪಾಪ, ಇವರಿಗೆ ಇನ್ನೊಂದು ಚಾನ್ಸ್ ಕೊಡಿ ಸಿಸ್ಟರ್. ಮಲಗೋಕೆ ನಾನೇ ಬರ್ತೀನಿ" ಎಂದರು. ಮನೆಯಲ್ಲೂ ಅವರಿಗೆ ಯಾರೂ ಸೂಪ್ ಊದಿ ಕೊಟ್ಟಿರಲಿಲ್ಲವೋ ಏನೋ. ಅಂತೂ ಸೋಮವಾರ ಮರುಪರೀಕ್ಷೆ ಎಂದಾಯಿತು. ಅದೇ ಕೊನೆಯ ಅವಕಾಶ. ಪಾಸಾದರೆ ಮೂರನೇ ಮಹಡಿಯ ವಾರ್ಡಿನಲ್ಲಿ ಖಾಲಿಯಿರುವ ಹಗಲು ಪಾಳಿಯ ಕೆಲಸ ನನಗೇ. ಫೇಲಾದರೆ ಅದು ಇನ್ನೊಬ್ಬರ ಪಾಲು. ನಾನು ಮತ್ತೆ ಮೊದಲಿನಿಂದ, ಕೈ ತೊಳೆಯುವುದು ಹೇಗೆ ಎಂಬ ಪಾಠದಿಂದ ಶುರುಮಾಡಬೇಕು. ನಿಜ ಹೇಳುತ್ತೇನೆ, ಆ ಕೆಲಸ ನನಗೆ ಬೇಕೇಬೇಕಿತ್ತು. ಎದೆಯ ಮೇಲೆ ಹೆಸರಿನ ಬಿಲ್ಲೆ ಹಾಕಿಕೊಂಡು ಓಡಾಡುವ ಆಸೆ ಈ ವಯಸ್ಸಲ್ಲಿ ಬಂದರೆ ತಪ್ಪೇ? ಮನೆಯಲ್ಲಿ ನನ್ನ ಹೆಸರು ಬಹಳ ವರ್ಷದಿಂದ 'ಏ, ಎಲ್ಲಿದ್ದೀಯೇ?' ಎಂದೇ ಇದೆ.

ಭಾನುವಾರ ಬೆಳಗ್ಗೆ ಯಜಮಾನರ ಮುಂದೆ ನಿಂತೆ. "ರೀ, ನಾಳೆ ನನ್ನ ಪರೀಕ್ಷೆ. ಇವತ್ತು ನೀವು ರೋಗಿ. ಎಡಗೈ, ಎಡಗಾಲು ಬರಲ್ಲ."

"ಅಂದ್ರೆ ಮಲಗಿರೋದಾ?"

"ಹೂಂ."

"ಎಷ್ಟು ಹೊತ್ತು?"

"ಸಂಜೆವರೆಗೂ."

ಮದುವೆಯ ದಿನವೂ ಅವರ ಮುಖದಲ್ಲಿ ಅಂಥ ಕಾಂತಿ ಕಂಡಿರಲಿಲ್ಲ! "ನೀನು ಮುಂದೆ ಬರ್ಬೇಕು ಕಣೇ. ಅದಕ್ಕೆ ನಾನು ಯಾವ ತ್ಯಾಗಕ್ಕೂ ಸಿದ್ಧ" ಎನ್ನುತ್ತ ದಿಂಬು ಸರಿಪಡಿಸಿಕೊಂಡು ಮಲಗಿಯೇಬಿಟ್ಟರು. ಮಲಗಿ, ಬಾಯಿ ಅಗಲಿಸಿ, ಹಲ್ಲುಜ್ಜಿಸಿಕೊಳ್ಳಲು ತಯಾರಾದರು.

ನಾನು ಬ್ರಷ್ಷನ್ನೂ ಪೇಸ್ಟನ್ನೂ ಅವರ ಬಲಗೈಯ ಪಕ್ಕ ಇಟ್ಟು, ಕುರ್ಚಿ ಎಳೆದುಕೊಂಡು, ನನ್ನ ಎರಡು ಕೈಗಳನ್ನೂ ತೊಡೆಯ ಕೆಳಗೆ ತುರುಕಿಕೊಂಡು ಕೂತೆ. "ಹೂಂ, ಉಜ್ಜಿಕೊಳ್ಳಿ. ನಿಮ್ಮಿಂದ ಆಗುತ್ತೆ!"

"ಒಂದೇ ಕೈಯಲ್ಲಿ ಮುಚ್ಚಳ ತೆಗೆಯೋದು ಹೇಗೆ?"

"ಯೋಚನೆ ಮಾಡಿ. ನಾನು ಧೈರ್ಯ ಹೇಳ್ತೀನಿ."

"ಧೈರ್ಯ ಯಾರಿಗೆ ಬೇಕು? ಮುಚ್ಚಳ ತೆಗಿ!"

ಕೊನೆಗೆ ಹಲ್ಲಿನಿಂದ ಕಚ್ಚಿ ತೆಗೆದರು. ಒತ್ತಿದ ರಭಸಕ್ಕೆ ಪೇಸ್ಟು ಬ್ರಷ್ ಬಿಟ್ಟು ದಿಂಬು, ಚಾದರ, ಗೋಡೆ ಎಲ್ಲ ಕಡೆಗೂ ಭೇಟಿ ಕೊಟ್ಟಿತು. ನನ್ನ ಅಂಗೈ ತುರಿಸತೊಡಗಿತು. ಒರೆಸುವ ಬಟ್ಟೆ ಅಲ್ಲೇ ಕಣ್ಣೆದುರಿಗಿದೆ, ಒರೆಸುವ ಹಾಗಿಲ್ಲ! ಮುಂದೆ ಅಂಗಿ. ಮೂರನೇ ಗುಂಡಿಯನ್ನು ಮೊದಲನೇ ತೂತಿಗೆ ಸೇರಿಸಲು ಅವರು ಪಡುತ್ತಿದ್ದ ಪಾಡು ನೋಡಿ ನನಗೆ ಮೈ ಪರಚಿಕೊಳ್ಳುವಂತಾಯಿತು. ಆ ಹೊತ್ತಿಗೆ ಅತ್ತೆ ಬಾಗಿಲಲ್ಲಿ ಪ್ರತ್ಯಕ್ಷರಾದರು.

"ಏನೇ ಇದು? ಮಗು ಅಷ್ಟು ಒದ್ದಾಡ್ತಿದೆ, ನೀನು ಸಿನಿಮಾ ನೋಡೋ ಹಾಗೆ ಕೂತಿದ್ದೀಯ!"

ಮಗುವಿನ ವಯಸ್ಸು ಐವತ್ತರ ಹತ್ತಿರ. "ಅತ್ತೆ, ನಾಳೆ ಪರೀಕ್ಷೆ ಇದೆ. ಇದು ಅಭ್ಯಾಸ."

"ಪರೀಕ್ಷೆ ನಿನಗೆ, ಶಿಕ್ಷೆ ಇವನಿಗಾ? ನಾನು ಹಾಕ್ತೀನಿ ಬಿಡು."

"ಬೇಡ ಅತ್ತೆ, ದಮ್ಮಯ್ಯ! ಅವರೇ ಹಾಕ್ಕೋಬೇಕು!"

ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂದು ಎದ್ದೆನೋ ಬಿದ್ದೆನೋ ಎಂದು ಅಡುಗೆಮನೆಗೆ ಓಡಿದೆ. ಹಿಂತಿರುಗುವಷ್ಟರಲ್ಲಿ ಪವಾಡವೇ ನಡೆದುಹೋಗಿತ್ತು. ರೋಗಿಯ ಗುಂಡಿಗಳೆಲ್ಲ ಸಾಲಾಗಿ ಬಿದ್ದಿವೆ, ಬೈತಲೆ ನೆಟ್ಟಗಿದೆ, ಮುಖಕ್ಕೆ ಪೌಡರೂ ಇದೆ!

"ಯಾರು ಮಾಡಿದ್ದು ಇದನ್ನೆಲ್ಲ?"

"ರೋಗಿಯೇ" ಎಂದರು ಯಜಮಾನರು, ಚಾವಣಿ ನೋಡುತ್ತ. ಅತ್ತೆ ಬಾಚಣಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದರು.

ನಾನು ನಿಷ್ಠುರಳಾಗಿ ಅತ್ತೆಯನ್ನು ಹೊರಗೆ ಕಳಿಸಿ ಚಿಲಕ ಹಾಕಿದೆ. ಎಲ್ಲ ಗುಂಡಿ ಬಿಚ್ಚಿಸಿ ಮತ್ತೆ ಹಾಕಿಸಿದೆ. ಆಮೇಲೆ ಗಂಜಿ. ಅರ್ಧ ಅವರ ಬಾಯಿಗೆ, ಇನ್ನರ್ಧ ಈಗಷ್ಟೇ ಹಾಕಿದ ಅಂಗಿಗೆ. ಕೂತು ಕೂತು ನನ್ನ ಕತ್ತು ಹಿಡಿಯಿತು, ಕಣ್ಣು ಉರಿಯಿತು. ಇಷ್ಟು ವರ್ಷ ಮೈಮುರಿದು ದುಡಿದರೂ ಬಾರದ ಸುಸ್ತು, ಅರ್ಧ ದಿನ ಸುಮ್ಮನೆ ಕೂತಿದ್ದಕ್ಕೆ ಬಂತು. ಅಯ್ಯೋ, ಏನೂ ಮಾಡದೆ ಇರುವುದು ಎಂಥ ಕಷ್ಟದ ಕೆಲಸ! ಇದನ್ನು ಯಜಮಾನರು ಪ್ರತಿ ಭಾನುವಾರ ಹೇಗೆ ನಿಭಾಯಿಸುತ್ತಾರೆ ಎಂದು ಅವರ ಮೇಲೆ ಗೌರವವೇ ಹುಟ್ಟಿತು.

ಅತ್ತ ಚಿಲಕದ ಆಚೆ ಅತ್ತೆ ಫೋನು ಹಿಡಿದಿದ್ದರು. ನನ್ನ ನಾದಿನಿಗೆ ಹೋದ ಸುದ್ದಿ ಇಷ್ಟು: "ನಿಮ್ಮಣ್ಣನ ಎಡಗೈ ಎಡಗಾಲು ಬೆಳಗ್ಗೆಯಿಂದ ಎದ್ದಿಲ್ಲ. ಗಂಜಿ ಕುಡಿಯೋಕೂ ಆಗ್ತಿಲ್ಲ. ನಿಮ್ಮತ್ತಿಗೆ ಬಾಗಿಲು ಹಾಕ್ಕೊಂಡು ನೋಡ್ತಾ ಕೂತಿದ್ದಾಳೆ!" ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. 'ಅಭ್ಯಾಸಕ್ಕೋಸ್ಕರ' ಎಂಬ ಒಂದು ಮಾತನ್ನು ಮಾತ್ರ ಸೇರಿಸಿರಲಿಲ್ಲ, ಅಷ್ಟೆ.

ಇದ್ಯಾವುದೂ ಗೊತ್ತಿಲ್ಲದ ನಾನು ದಿನದ ಕೊನೆಯ ಅಂಕಕ್ಕೆ ಬಂದಿದ್ದೆ: ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸುವುದು. ಗಾಲಿಕುರ್ಚಿ ಎಲ್ಲಿಂದ ತರಲಿ? ಯಜಮಾನರು ಕಂಪ್ಯೂಟರ್ ಮುಂದೆ ಕೂರುವ, ಕೆಳಗೆ ಚಕ್ರವಿರುವ ಕುರ್ಚಿಯನ್ನೇ ತಂದಿಟ್ಟೆ. ಅವರು ಬಲಗಾಲ ಮೇಲೆ ನಿಂತು, ಬಲಗೈಯಿಂದ ಕುರ್ಚಿ ಹಿಡಿದು, ತಾವೇ ತಿರುಗಿ ಕೂರಬೇಕು. ನಾನು ಪಕ್ಕದಲ್ಲಿರಬೇಕು, ಅಷ್ಟೆ. "ಮಂಡಿ ಬಗ್ಗಿಸಿ, ಬೆನ್ನು ಬಗ್ಗಿಸಬೇಡಿ" ಎಂದು ದೊಡ್ಡ ಸಿಸ್ಟರ್ ಹೇಳಿಕೊಟ್ಟದ್ದನ್ನು ಜಪ ಮಾಡುತ್ತ ಚಿಲಕ ತೆಗೆದೆ, ಕುರ್ಚಿಯನ್ನು ನಡುಮನೆಗೆ ತಳ್ಳಿಕೊಂಡು ಹೋಗಬೇಕಲ್ಲ!

ಯಜಮಾನರು ಎದ್ದರು. ತಿರುಗಿದರು. ಇನ್ನೇನು ಕೂರಬೇಕು, ಅಷ್ಟರಲ್ಲಿ ಬಾಗಿಲು ದಢಾರನೆ ತೆರೆದು, "ಅಣ್ಣಾ! ನಿನಗೇನಾಯ್ತೋ!" ಎಂದು ನಾದಿನಿ ಸಿಡಿಲಿನ ಹಾಗೆ ಎರಗಿದಳು. ಬೆಚ್ಚಿದ ಯಜಮಾನರು ಕುರ್ಚಿ ಬಿಟ್ಟರು. ಕುರ್ಚಿ ಹಿಂದಕ್ಕೆ ಜಾರಿತು. ಅವರು ವಾಲಿದರು. ಆ ಗಳಿಗೆಯಲ್ಲಿ ನನ್ನ ಜಪ, ಪ್ರತಿಜ್ಞೆ, ಪಾಠ ಎಲ್ಲ ಗಾಳಿಗೆ ಹೋಯಿತು. ಬೆನ್ನು ಬಗ್ಗಿಸಿ ಹಾರಿ, ಆ ಭಾರೀ ದೇಹವನ್ನು ಸೊಂಟಕ್ಕೆ ಕೈ ಹಾಕಿ ತಬ್ಬಿಕೊಂಡೆ!

ಯಜಮಾನರು ಎರಡೂ ಕಾಲೂರಿ ನೆಟ್ಟಗೆ ನಿಂತರು. ಕಾಲುಗಳು ಸರಿಯಾಗಿಯೇ ಇದ್ದವಲ್ಲ! ಹಿಡಿಯದಿದ್ದರೂ ನಿಲ್ಲುತ್ತಿದ್ದರು. ನನ್ನ ಸೊಂಟದಲ್ಲಿ ಮಾತ್ರ 'ಟಕ್' ಎಂದಿತು. ನಾನು ಬಗ್ಗಿದವಳು ಬಗ್ಗಿದ ಹಾಗೆಯೇ ನಿಂತುಬಿಟ್ಟೆ.

"ಅಯ್ಯೋ, ಅಣ್ಣಂಗೆ ಏನೂ ಆಗಿಲ್ವಲ್ಲಮ್ಮ!" ಎಂದಳು ನಾದಿನಿ.

"ಈಗ ಅತ್ತಿಗೆಗೆ ಆಗಿದೆ, ಹಿಡ್ಕೊಳ್ಳೇ" ಎಂದರು ಅತ್ತೆ.

ಮೂವರೂ ಸೇರಿ ನನ್ನನ್ನು ಪೇಸ್ಟು ಮೆತ್ತಿದ ಅದೇ ಹಾಸಿಗೆಯ ಮೇಲೆ ಮಲಗಿಸಿದರು. ಅತ್ತೆ ಪೇಚಾಡಿಕೊಂಡು ಬಿಸಿನೀರಿನ ಶಾಖ ಕೊಟ್ಟರು. ಯಜಮಾನರು ಸಪ್ಪೆ ಮುಖ ಮಾಡಿಕೊಂಡು, "ನಾಳೆ ಹೋಗ್ಬೇಡ ಬಿಡೇ" ಎಂದರು. "ತೆವಳಿಕೊಂಡಾದ್ರೂ ಹೋಗ್ತೀನಿ" ಎಂದೆ. ಎನ್ನುವಾಗ ಅಳುವೇ ಬಂತು.

ಸೋಮವಾರ ಸೊಂಟಕ್ಕೆ ಪಟ್ಟಿ ಬಿಗಿದು, ಮೇಲೆ ಯೂನಿಫಾರ್ಮ್ ತೊಟ್ಟು, ಕಂಬದ ಹಾಗೆ ನೆಟ್ಟಗೆ ಹೋಗಿ ಲಿಫ್ಟಣ್ಣನ ಮಂಚದ ಪಕ್ಕ ನಿಂತೆ. ದೊಡ್ಡ ಸಿಸ್ಟರ್ ಎದುರಿಗೆ, ನನ್ನ ಬ್ಯಾಚಿನವರೆಲ್ಲ ಅವರ ಹಿಂದೆ. ಲಿಫ್ಟಣ್ಣ ಆಸೆಯಿಂದ ಬಾಯಿ ತೆರೆದರು. ನಾನು ಬ್ರಷ್ಷನ್ನು ಅವರ ಬಲಗೈಯ ಪಕ್ಕಕ್ಕೆ ಸರಿಸಿದೆ. ಅವರು ನಿಟ್ಟುಸಿರು ಬಿಟ್ಟು ತಾವೇ ಉಜ್ಜಿಕೊಂಡರು. ಗುಂಡಿಗೆ ಬಂದಾಗ ತಡವರಿಸಿದರು. ನನ್ನ ಹಾಳು ಕೈ ತಾನಾಗಿಯೇ ಮುಂದೆ ಹೊರಟಿತು! ಹೊರಟಿದ್ದೇ ತಡ, ಸೊಂಟದಿಂದ ನೆತ್ತಿಯವರೆಗೆ ಮಿಂಚು ಹೊಡೆದಂತಾಗಿ ಕೈ ಬಂದ ದಾರಿಗೆ ಸುಂಕವಿಲ್ಲದೆ ವಾಪಸಾಯಿತು. "ಹೂಂ... ಹಾಂ..." ಎಂದು ನರಳಿದೆ. ಲಿಫ್ಟಣ್ಣ ಅದನ್ನು ಧೈರ್ಯದ ಮಾತೆಂದು ತಿಳಿದು ಗುಂಡಿ ಹಾಕಿಕೊಂಡರು. ಸೂಪಿನ ಸರದಿಯಲ್ಲೂ ಹಾಗೆಯೇ. ಅವರು ಚಮಚ ಎತ್ತುವಾಗಲೆಲ್ಲ ನನ್ನ ಕೈ ಎಗರುವುದು, ಸೊಂಟ ಅದನ್ನು ಹಿಡಿದು ಎಳೆಯುವುದು, ನಾನು ಹಲ್ಲು ಕಚ್ಚಿ "ಹೂಂ" ಎನ್ನುವುದು. ಪಾಪ, ಬಟ್ಟಲು ಖಾಲಿಯಾಗುವವರೆಗೂ ಅವರೇ ಊದಿಕೊಂಡು ಕುಡಿದರು.

ದೊಡ್ಡ ಸಿಸ್ಟರ್ ಮುಖ ಅರಳಿತು. "ನೋಡಿ, ಎಲ್ಲರೂ ಇವರನ್ನ ನೋಡಿ ಕಲೀರಿ! ಎಷ್ಟು ತಾಳ್ಮೆ! ಪ್ರತಿ ಸಲ ಕೈ ಮುಂದೆ ಬರುತ್ತೆ, ಪ್ರತಿ ಸಲ ತಡ್ಕೋತಾರೆ. ಪಾಸ್! ಒಂದೇ ವಾರದಲ್ಲಿ ಇದನ್ನ ಹೇಗೆ ಸಾಧಿಸಿದ್ರಿ, ನೀವೇ ಹೇಳಿಬಿಡಿ."

ಸುಳ್ಳು ಹೇಳಲಿಕ್ಕೂ ಒಂದಿಷ್ಟು ತ್ರಾಣ ಬೇಕು. ನನ್ನಲ್ಲಿ ಅದೂ ಉಳಿದಿರಲಿಲ್ಲ. "ಸಾಧನೆ ಏನೂ ಇಲ್ಲ ಸಿಸ್ಟರ್. ನಿನ್ನೆ ಸೊಂಟ ಉಳುಕಿದೆ. ಕೈ ಚಾಚಿದ್ರೆ ಜೀವ ಹೋಗುತ್ತೆ" ಎಂದೆ.

ಲಿಫ್ಟಣ್ಣ ಪಾರ್ಶ್ವವಾಯು ಮರೆತು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡ ಸಿಸ್ಟರ್ ನಗಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಪೆನ್ನು ಜೇಬಿಗಿಟ್ಟುಕೊಂಡು ಹೇಳಿದರು:

"ಪಾಸ್ ಅಂದಿದ್ದು ಪಾಸೇ. ಆದ್ರೆ ನಾಳೆಯಿಂದ್ಲೇ ಡ್ಯೂಟಿಗೆ ಬಂದುಬಿಡಿ. ಸೊಂಟ ವಾಸಿಯಾದ್ಮೇಲೆ ನಿಮ್ಮನ್ನ ನಂಬೋಕಾಗಲ್ಲ!"