ಚಿಕ್ಕಪ್ಪನ ಮುಖಂಡರೂ ನಮ್ಮ ಲಿಫ್ಟೂ

ನಮ್ಮ ಚಿಕ್ಕಪ್ಪನ ಮೈಮೇಲೆ ದಿನಕ್ಕೆ ಮೂರು ಸಲವಾದರೂ ದಿವಂಗತ ಮುಖಂಡರೊಬ್ಬರು ಬರುತ್ತಾರೆ! ಬೇವಿನ ಸೊಪ್ಪಿಗೆಲ್ಲ ಇಳಿಯುವ ಪೈಕಿಯಲ್ಲ. ಹೆಸರು ಮಾತ್ರ ಹೇಳಲಾರೆ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಕೈ ಮುಗಿಯುತ್ತೀರಿ, ಇನ್ನರ್ಧ ಜನ ಜಗಳಕ್ಕೆ ಬರುತ್ತೀರಿ. ಚಿಕ್ಕಪ್ಪ ಹುಡುಗರಾಗಿದ್ದಾಗ ಮೈಸೂರಿನ ಮೈದಾನದಲ್ಲಿ ಕೇಳಿದ ಅವರ ಭಾಷಣ ರೈಲ್ವೆ ನೌಕರಿಯ ಜೊತೆಗೇ ಕಲ್ಕತ್ತೆಯ ಸಿಯಾಲ್ದಾಕ್ಕೆ ವರ್ಗವಾಗಿ ಬಂತು. ಚಿಕ್ಕಪ್ಪ ನಿವೃತ್ತರಾದರು, ಭಾಷಣ ಆಗಲಿಲ್ಲ. ದಕ್ಷಿಣೇಶ್ವರದ ಫ್ಲ್ಯಾಟಿನಲ್ಲಿ ಅವರ ಜೊತೆಗಿರುವ ನನ್ನ ಮತ್ತು ಚಿಕ್ಕಮ್ಮನ ಪಾಡು ಕೇಳಬೇಡಿ.

"ಸಾರಿಗೆ ಉಪ್ಪು ಸಾಕಾ?" ಎಂದು ಚಿಕ್ಕಮ್ಮ ಕೇಳಿದರೆ, "ಕೊರತೆಯನ್ನ ಜನರಿಂದ ಮುಚ್ಚಿಡಬಾರದು ಅಂತ ಅವರು ಆಗಲೇ ಹೇಳಿದ್ರು ಕಣೇ!" ಎನ್ನುತ್ತಾರೆ.

"ಅವರ ಮನೆ ಸಾರೂ ಅವರೇ ಮಾಡ್ತಿದ್ರಾ?" ಎಂದು ಚಿಕ್ಕಮ್ಮ ಉಪ್ಪಿನ ಡಬ್ಬಿ ತಳ್ಳುತ್ತಾರೆ.

ಒಮ್ಮೆ ಮೆಟ್ರೋ ಹತ್ತಿರ ಆಟೋ ಸಾಲಿನಲ್ಲಿ ಯಾರೋ ನುಗ್ಗಿದರು. ಬಂತು ನೋಡಿ ಮೈಮೇಲೆ! ಶಿಸ್ತಿನ ಕುರಿತ ಭಾಷಣ, ಮೈಸೂರು ಹಿಂದಿಯಲ್ಲಿ. ಮುಗಿಯುವಷ್ಟರಲ್ಲಿ ನಾಲ್ಕು ಆಟೋ ಹೋಗಿ, ಶಿಸ್ತಾಗಿ ನಿಂತವರು ನಾವಿಬ್ಬರೇ ಉಳಿದಿದ್ದೆವು.

ಇಂಥವರು ಕಳೆದ ತಿಂಗಳು ಫ್ಲ್ಯಾಟ್ ಕಮಿಟಿಯ ಸಭೆಗೆ ಭಾಷಣಗಳ ಫೈಲು ಹಿಡಿದು ಹೊರಟಾಗ ನಾನೂ ಹಿಂದೆಯೇ ಓಡಿದೆ. ಮನೆಗೆಲಸದವರು ಇನ್ನು ಲಿಫ್ಟ್ ಹತ್ತಬಾರದು, ಮೆಟ್ಟಿಲಲ್ಲೇ ಬರಬೇಕು ಎಂಬುದು ಅಂದಿನ ವಿಷಯ. ಅಂದರೆ ನಮ್ಮ ಎಂಜಲು ತಟ್ಟೆ ತೊಳೆಯುವ ಕೈ ಲಿಫ್ಟಿನ ಗುಂಡಿ ಮುಟ್ಟಬಾರದು! ನಮ್ಮ ಮನೆ ಐದನೇ ಮಹಡಿ. ಕೆಲಸಕ್ಕೆ ಬರುವ ಮಾಲತಿ ಮಾಶಿಗೆ (ಮಾಶಿ ಅಂದರೆ ಇಲ್ಲಿ ದೊಡ್ಡಮ್ಮ, ಚಿಕ್ಕಮ್ಮ) ಅರವತ್ತು ದಾಟಿದೆ.

ಚಿಕ್ಕಪ್ಪ ಎದ್ದು ಓದಿದರು. ಮನುಷ್ಯರಲ್ಲಿ ಮೇಲು ಕೀಳು ಇಟ್ಟುಕೊಂಡು ಕಟ್ಟಿದ್ದು ಯಾವುದೂ ಮನೆಯಲ್ಲ ಎಂಬ ಭಾಗ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಕಾಕು, ಅದೆಲ್ಲ ಆಗಿನ ಕಾಲದ ಮಾತು," ಎಂದರು ಕಾರ್ಯದರ್ಶಿ, ಬಂಗಾಳಿಯಲ್ಲಿ ಚಿಕ್ಕಪ್ಪನೆಂದು ಕರೆದು ನಯವಾಗಿ.

"ಲಿಫ್ಟ್ ಈಗಿನದು, ಬುದ್ಧಿ ಯಾವ ಕಾಲದ್ದು?" ಎಂದರು ಚಿಕ್ಕಪ್ಪ.

ಕೈ ಎತ್ತಿಸಿದರು. ವಿರೋಧವಾಗಿ ಎದ್ದದ್ದು ಒಂದೇ ಕೈ, ಚಿಕ್ಕಪ್ಪನದು. ನಾನೇ? ನಾನು ಫೋನಿನಲ್ಲಿ ತುಂಬಾ ಮುಖ್ಯವಾದದ್ದೇನನ್ನೋ ಹುಡುಕುತ್ತಿದ್ದೆ!

ಮರುದಿನ ಬೆಳಿಗ್ಗೆ ಹಾಲಿಗೆಂದು ಕೆಳಗೆ ಹೋದ ಚಿಕ್ಕಪ್ಪ ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕುತ್ತಾ ಮೆಟ್ಟಿಲಿಳಿದೆ. ಮೂರನೇ ಮಹಡಿಯಲ್ಲಿ ಹಾಲಿನ ಪ್ಯಾಕೆಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಮಾಲತಿ ಮಾಶಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಎಷ್ಟು ಹೇಳಿದರೂ ಲಿಫ್ಟಿನಲ್ಲಿ ಹೋಗಲೊಲ್ಲರು. ನೀನು ಹತ್ತುವವರೆಗೆ ನಾನೂ ಹತ್ತಲ್ಲ ಅಂತಾರೆ," ಎಂದು ನನ್ನ ಮೇಲೆ ರೇಗಿದಳು.

ಈಗ ಭಾಷಣ ಶುರುವಾಗುತ್ತದೆಂದು ಕಾದೆ. ಇಲ್ಲ. ಚಿಕ್ಕಪ್ಪ ಮೊಣಕಾಲು ನೀವಿಕೊಳ್ಳುತ್ತಿದ್ದರು. ನನಗೆ ನಾಚಿಕೆಯಾಯಿತು, ಈ ಮುದುಕನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿಯೂ ಬಂತು. ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ.

"ಚಿಕ್ಕಪ್ಪಾ, ನಿನ್ನೆ ಓದಿದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ."

ನಾನಾಗಿ ಕೇಳಿದ್ದು ಅದೇ ಮೊದಲು. ಅವರು ನನ್ನ ಮುಖವನ್ನೇ ನೋಡಿದರು. ಕಣ್ಣು ತುಂಬಿತ್ತು.

"ಹೇಳ್ತೀನಿ ಪುಟ್ಟಿ," ಎಂದರು ಏದುಸಿರಿನಲ್ಲಿ, "ಸ್ವಲ್ಪ ಉಸಿರು ಬರ್ಲಿ."