ಗಿರಾಕಿಗೆ ಊರು ಕೇಳಬಾರದು

ವ್ಯಾಪಾರದಲ್ಲಿ ನನ್ನನ್ನು ಸೋಲಿಸುವವರು ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೂ ತೊಟ್ಟಿಲಲ್ಲೇ ಇದ್ದಾರೆ, ಅವರಿಗಿನ್ನೂ ಮಾತು ಬರುವುದಿಲ್ಲ. ಕಳೆದ ಬೇಸಿಗೆಯವರೆಗೂ ನಾನು ಹೀಗೇ ತಿಳಿದಿದ್ದೆ. ತಿಳಿದದ್ದನ್ನು ಊಟಕ್ಕೆ ಕೂತಾಗಲೆಲ್ಲ ಹೆಂಡತಿ ರಾಜೇಶ್ವರಿಗೆ ಹೇಳುತ್ತಲೂ ಇದ್ದೆ. ಆಕೆ ಪ್ರತಿ ಸಲವೂ "ಇನ್ನೊಂದು ರೊಟ್ಟಿ ಹಾಕ್ಲ್ಯಾ?" ಎಂದಷ್ಟೇ ಕೇಳುತ್ತಿದ್ದಳು.

ಕಮರಿಪೇಟೆಯಲ್ಲಿ ನನ್ನದು ಮಳೆಗೆ ಹೊದಿಸುವ ತಾಡಪತ್ರಿ ಮತ್ತು ಹಗ್ಗದ ಅಂಗಡಿ. ಲಾರಿಯವರು, ಶೇಂಗಾ ವ್ಯಾಪಾರಿಗಳು, ಪೆಂಡಾಲ್ ಹಾಕುವವರು ಎಲ್ಲರೂ ನನ್ನ ಗಿರಾಕಿಗಳೇ. ಅಲ್ಲಿ ಕೂತು ನಾನು ಕಲಿತ ವಿದ್ಯೆ ಒಂದೇ ಒಂದು. ಗಿರಾಕಿಗೆ ಮಳೆ ಹೇಗಿದೆ ಎಂದು ಕೇಳಬಹುದು, ಶುಗರ್ ಎಷ್ಟಿದೆ ಎಂದು ಕೇಳಬಹುದು, ಊರು ಮಾತ್ರ ಕೇಳಬಾರದು. ನಮ್ಮ ಸೀಮೆಯಲ್ಲಿ ಮೊದಲನೆಯ ಪ್ರಶ್ನೆ 'ಯಾವೂರು', ಎರಡನೆಯದು 'ಯಾರ ಪೈಕಿ'. ಮೂರನೆಯದು ಕೇಳುವ ಹೊತ್ತಿಗೆ ಗಿರಾಕಿ ಗಿರಾಕಿಯಾಗಿ ಉಳಿದಿರುವುದಿಲ್ಲ. ಕಾಕಾನೋ ಮಾಮಾನೋ ಆಗಿ, ಗಲ್ಲಾದ ಈಚೆ ಬಂದು ನನ್ನ ಪಕ್ಕದಲ್ಲೇ ಕೂತು, ನನ್ನದೇ ಚಹಾ ಕುಡಿಯುತ್ತ, "ನಮಗೂ ಅದ ರೇಟೇನು?" ಎನ್ನುತ್ತಿರುತ್ತಾನೆ. ಲಾಭ ಅಲ್ಲಿಗೆ ಮಣ್ಣುಪಾಲು.

ಗಾದಿಯ ಮೇಲೆ ಚಕ್ಕಳಮಕ್ಕಳ ಕೂತೂ ಕೂತೂ ನನ್ನ ಟೊಂಕ ಹಳೆಯ ಬಾಗಿಲಿನಂತಾಗಿದೆ. ಕೂರುವಾಗ ಒಂದು ರಾಗ, ಏಳುವಾಗ ಇನ್ನೊಂದು. ಹೀಗಿರುವಾಗ ಗೋಕುಲ ರಸ್ತೆಯ ಸಿಮೆಂಟ್ ವ್ಯಾಪಾರಿಯೊಬ್ಬರ ಮನೆಯಲ್ಲಿ ಆ ಕುರ್ಚಿಯನ್ನು ಕಂಡೆ. ಪಕ್ಕದ ಹಿಡಿಕೆ ಎಳೆದರೆ ಬೆನ್ನು ಹಿಂದಕ್ಕೆ, ಕಾಲು ಮೇಲಕ್ಕೆ. ಒಂದು ನಿಮಿಷ ಕೂತೆ. ಟೊಂಕ ಎಷ್ಟೋ ವರ್ಷಗಳ ಮೇಲೆ ಬಾಯಿ ಮುಚ್ಚಿತು. ಇಂಥದೊಂದು ಕುರ್ಚಿ ನನ್ನ ಮನೆಗೆ ಬರಲೇಬೇಕೆಂದು ಅಲ್ಲೇ, ಮಲಗಿದ ಭಂಗಿಯಲ್ಲೇ, ಪ್ರತಿಜ್ಞೆ ಮಾಡಿದೆ.

ಮನೆಯ ಖಜಾನೆ ರಾಜೇಶ್ವರಿಯ ಕೈಯಲ್ಲಿದೆ. ಅರ್ಜಿಯನ್ನು ಆಕೆಯ ಮುಂದಿಟ್ಟೆ.

"ಕುರ್ಚಿ ಬೇಕಂದ್ರ ಆ ಡೈನಿಂಗ್ ಟೇಬಲ್ ಮಾರ್ರಿ," ಅಂದಳು. "ಬಂದ ರೊಕ್ಕದಾಗ ಕುರ್ಚಿ ತರ್ರಿ. ಮನಿ ರೊಕ್ಕ ಮುಟ್ಟೂ ಹಂಗಿಲ್ಲ. ಅಂಗಡಿ ಗಲ್ಲಾನೂ ಮುಟ್ಟೂ ಹಂಗಿಲ್ಲ."

ಆರು ಕುರ್ಚಿಗಳ ಆ ಟೇಬಲ್ಲಿನ ಮೇಲೆ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಿದ್ದಿಲ್ಲ. ನಾವು ನೆಲದ ಮೇಲೆ ಉಣ್ಣುತ್ತೇವೆ. ಟೇಬಲ್ ಮೇಲೆ ಇಸ್ತ್ರಿ ಬಟ್ಟೆಗಳು ಉಣ್ಣುತ್ತವೆ.

"ನೋಡ್ತಿರು," ಅಂದೆ. "ಆನ್‌ಲೈನ್‌ನಾಗ ಹಾಕ್ತೇನಿ. ಅಲ್ಲಿ ಯಾರಿಗೂ ಊರಿಲ್ಲ, ಬಳಗಿಲ್ಲ. ಬರೇ ರೊಕ್ಕ, ಬರೇ ಮಾಲು. ವ್ಯಾಪಾರಸ್ತರ ಸ್ವರ್ಗ ಅದು."

ಹನ್ನೆರಡು ಸಾವಿರ ಎಂದು ಬರೆದು, ಫೋಟೋ ಹಾಕಿ, ಸ್ವರ್ಗದ ಬಾಗಿಲು ತೆರೆದೆ.

ಮೊದಲು ಒಳಗೆ ಬಂದವರು 'ಇದೆಯಾ' ಪಂಥದವರು. 'ಟೇಬಲ್ ಇದೆಯಾ?' ಎಂದು ಕೇಳುತ್ತಾರೆ. 'ಇದೆ' ಎಂದರೆ ಸಾಕು, ಸಮಾಧಾನವಾಗಿ ಸಮಾಧಿಗೆ ಹೋಗುತ್ತಾರೆ, ಮತ್ತೆ ಉಸಿರಿಲ್ಲ. ಆಮೇಲೆ 'ಲಾಸ್ಟ್ ಎಷ್ಟು' ಪಂಥ. ಇವರಿಗೆ ನಮಸ್ಕಾರವಿಲ್ಲ, ಮೊದಲ ಬೆಲೆಯೂ ಬೇಡ, ನೇರವಾಗಿ ಕೊನೆಯದೇ ಬೇಕು. ಒಬ್ಬ ಮಹಾಶಯ ಟೇಬಲ್ ಬೇಡ, ಕುರ್ಚಿ ಎರಡು ಕೊಡಿ, ಅದೂ ನಡುವಿನವು ಎಂದ. ಇನ್ನೊಬ್ಬ ಟೇಬಲ್ಲಿನ ಹೊಟ್ಟೆಯ ಫೋಟೋ ಕೇಳಿದ. ಟೊಂಕ ಹಿಡಿದುಕೊಂಡು ಕೆಳಗೆ ಮಲಗಿ ತೆಗೆದು ಕಳಿಸಿದೆ. 'ಚೆನ್ನಾಗಿದೆ, ನಾವು ಈಗಾಗಲೇ ಬೇರೆ ಕಡೆ ತೆಗೆದುಕೊಂಡಿದ್ದೇವೆ' ಎಂದು ಉತ್ತರ ಬಂತು. ಮತ್ತೊಬ್ಬ ತಾನು ದೊಡ್ಡ ಅಧಿಕಾರಿ, ರೊಕ್ಕ ಈಗಲೇ ಹಾಕುತ್ತೇನೆ, ಈ ಕ್ಯೂಆರ್ ಚೌಕ ಸ್ಕ್ಯಾನ್ ಮಾಡಿ ಅಂದ. "ಮೊದಲ ನೀವು ನಂದು ಸ್ಕ್ಯಾನ್ ಮಾಡ್ರಿ ಸಾಹೇಬ್ರ, ನಮ್ಮ ಅಂಗಡಿ ಪದ್ಧತಿ ಹಂಗ ಐತಿ" ಎಂದು ನನ್ನ ಚೌಕ ಕಳಿಸಿದೆ. ಅಧಿಕಾರಿ ಅಂದೇ ನಿವೃತ್ತನಾದ.

ಕೊನೆಗೂ ಶಂಭುಲಿಂಗ ಎಂಬ ಸಭ್ಯ ತರುಣ ಸಿಕ್ಕ. ಹೊಸ ಸಂಸಾರವಂತೆ. ಫೋನಿನಲ್ಲೇ ಹನ್ನೊಂದು ಸಾವಿರಕ್ಕೆ ಒಪ್ಪಿ, ಸಂಜೆ ಮನೆಗೆ ಬಂದ. ಟೇಬಲ್ಲಿಗೆ ಒಂದು ಸುತ್ತು ಹಾಕಿ, "ಛಲೋ ಐತ್ರಿ," ಅಂದು ಜೇಬಿಗೆ ಕೈ ಹಾಕಿದ. ಆ ಕೈ ಹೊರಗೆ ಬರುವ ಮೊದಲೇ ರಾಜೇಶ್ವರಿ ಚೂಡಾ ಮತ್ತು ಚಹಾ ತಂದಳು.

"ಯಾವೂರ್ರೀ ನಿಮ್ದು?"

ನಾನು ಕೆಮ್ಮಿದೆ.

"ಅಣ್ಣಿಗೇರಿ ಕಡೆ ಬರ್ತೈತ್ರಿ."

"ಅಣ್ಣಿಗೇರ್ಯಾಗ ಯಾರ ಪೈಕಿ?"

ನಾನು ಇನ್ನೂ ಜೋರಾಗಿ ಕೆಮ್ಮಿದೆ. "ಇವರಿಗೆ ನೀರು ಕೊಡ್ರಿ," ಅಂದ ಶಂಭುಲಿಂಗ, ಪಾಪ. ರಾಜೇಶ್ವರಿ ನೀರು ಕೊಟ್ಟಳು, ಪ್ರಶ್ನೆ ಬಿಡಲಿಲ್ಲ. ಕೆರೆಯ ಹತ್ತಿರದ ಓಣಿ, ಓಣಿಯಲ್ಲಿ ದೊಡ್ಡ ಕಟ್ಟೆಯ ಮನೆ, ಕಟ್ಟೆಯ ಮನೆಯ ಹಿರಿಯ ಸೊಸೆ. ಪೊಲೀಸರಿಗೂ ಇಷ್ಟು ಬೇಗ ಸುಳಿವು ಸಿಗುವುದಿಲ್ಲ.

"ಅಯ್ಯ, ಹಂಗಾರ ನೀ ನಮ್ಮ ಮಾವಶಿ ಮೈದುನನ ಮಗಾ ಅಲ್ಲೇನೋ. ವರಸಿಲೆ ನನಗ ತಮ್ಮ ಆಗ್ತಿ."

'ನೀವು' ಎಂಬುದು 'ನೀ' ಆದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಐನೂರರ ಎರಡು ನೋಟು ಹರಿದಂತಿತ್ತು. ಆದರೆ ಮುಂದೆ ಬಂದದ್ದು ಅದಕ್ಕಿಂತ ದೊಡ್ಡದು.

"ತಮ್ಮಾ, ಅಕ್ಕ ಆಗಿ ಹೇಳ್ತೇನಿ, ಈ ಟೇಬಲ್ ತಗೋಬ್ಯಾಡ. ಒಂದು ಕಾಲು ಅಲ್ಲಾಡ್ತೈತಿ. ಕೆಳಗ ಕಾಗದ ಮಡಚಿ ಇಟ್ಟೇವಿ. ಫೋಟೋದಾಗ ಕಾಣಬಾರದಂತ ಇವರು ಅದರ ಮುಂದ ತಮ್ಮ ಚಪ್ಪಲಿ ಇಟ್ಟು ಫೋಟೋ ತಗದಾರ."

ಶಂಭುಲಿಂಗ ನನ್ನ ಚಪ್ಪಲಿ ನೋಡಿದ. ನಾನು ಫ್ಯಾನ್ ನೋಡಿದೆ. ಆತ ಚೂಡಾದ ಪೊಟ್ಟಣ, ಎರಡು ನಿಂಬೆ ಉಪ್ಪಿನಕಾಯಿ ಬಾಟಲಿ ತೆಗೆದುಕೊಂಡು, ಅಕ್ಕನ ಕಾಲು ಮುಟ್ಟಿ ಹೊರಟುಹೋದ.

"ಹೊರಗಿನವರಿಗೆ ಏನರೆ ಮಾರ್ಕೋರಿ," ಅಂದಳು ರಾಜೇಶ್ವರಿ. "ತಮ್ಮಗ ಹ್ಯಾಂಗ ಮಾರೂದು?"

"ಅರ್ಧಾ ತಾಸಿನ ಹಿಂದ ಅವಾ ಹೊರಗಿನವನ ಇದ್ದಾ."

"ಅರ್ಧಾ ತಾಸಿನ ಹಿಂದ ನನಗ ಗೊತ್ತಿದ್ದಿಲ್ಲ."

ಎರಡನೆಯ ಗಿರಾಕಿಯನ್ನು ಲೆಕ್ಕ ಹಾಕಿ ಆರಿಸಿದೆ. ಹೆಸರು ಶಾಹೀನ. ಹೊಲಿಗೆ ಕ್ಲಾಸ್ ನಡೆಸುತ್ತಾಳೆ, ಬಟ್ಟೆ ಕತ್ತರಿಸಲು ದೊಡ್ಡ ಟೇಬಲ್ ಬೇಕು. ಹತ್ತಕ್ಕೆ ಒಪ್ಪಿದಳು. ನಮ್ಮ ಮಾವಶಿಯ ಮೈದುನನಾಗಲಿ ಮೈದುನನ ಮಾವಶಿಯಾಗಲಿ ಆ ಕಡೆ ಸುಳಿಯುವ ಸಂಭವವೇ ಇಲ್ಲ. ನಾನು ನಿಶ್ಚಿಂತೆಯಿಂದ, "ಕೇಳು, ಎಷ್ಟು ಬೇಕಾದರೂ ಕೇಳು," ಎಂಬಂತೆ ಹೆಂಡತಿಯ ಕಡೆ ನೋಡಿದೆ.

"ನಮ್ದು ಕಲಘಟಗಿ ಆಂಟಿ," ಅಂದಳು ಶಾಹೀನ.

"ಕಲಘಟಗಿ? ನಾ ಅಲ್ಲೇ ಸಾಲಿ ಕಲ್ತಾಕಿ."

"ನಮ್ಮ ಅಮ್ಮೀನೂ ಅಲ್ಲೇ ಕಲ್ತಾಳ್ರೀ. ಶಮೀಮ ಅಂತ ಹೆಸರು."

ರಾಜೇಶ್ವರಿ ಚಹಾದ ಟ್ರೇ ನನ್ನ ಕೈಗೆ ಕೊಟ್ಟುಬಿಟ್ಟಳು. ಐದು ನಿಮಿಷದಲ್ಲಿ ಫೋನಿನ ಪರದೆಯೊಳಗೆ ಶಮೀಮ ಪ್ರತ್ಯಕ್ಷಳಾದಳು. ಇಬ್ಬರೂ ಒಂದೇ ಬೆಂಚಂತೆ. ಇಬ್ಬರೂ ಸೇರಿ ಗಣಿತದ ಮಾಸ್ತರರನ್ನು ನೆನೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಫೋನು ಇಟ್ಟ ಮೇಲೆ ರಾಜೇಶ್ವರಿ ನನ್ನನ್ನು ಬದಿಗೆ ಕರೆದಳು.

"ಪರೀಕ್ಷಾದಾಗ ಅಕಿ ಗಣಿತ ತೋರಿಸಿರ್ಲಿಲ್ಲಂದ್ರ ನಾ ಏಳನೇತ್ತ ಪಾಸ್ ಆಗ್ತಿದ್ದಿಲ್ಲ. ಅಕಿ ಮಗಳ ಕಡೆ ಹತ್ತು ಸಾವಿರ ತಗೋತೀರೇನು?"

"ಅಕಿ ತೋರಿಸಿದ ಗಣಿತಕ್ಕ ನಾ ಯಾಕ ಫೀ ಕಟ್ಟಬೇಕು?"

"ಏಳನೇತ್ತಾ ಪಾಸಾದ ಹುಡುಗೀನ ಬೇಕಂತ ಅಂದಾವ್ರು ನಿಮ್ಮವ್ವ. ಅಕಿ ತೋರಿಸಿದ್ದಕ್ಕ ನಾ ನಿಮಗ ಸಿಕ್ಕೇನಿ."

ನಾನು ಚಹಾದ ಲೋಟಗಳನ್ನು ಟ್ರೇಗೆ ಜೋಡಿಸತೊಡಗಿದೆ. ಶಾಹೀನ ಪ್ರಾಮಾಣಿಕಳು. "ಬ್ಯಾಡ್ರಿ ಆಂಟಿ, ನಾ ಹತ್ತಕ್ಕ ಒಪ್ಪೇನಿ," ಎಂದು ಹಟ ಹಿಡಿದಳು. ನನಗೆ ಆಸೆ ಚಿಗುರಿತು. ರಾಜೇಶ್ವರಿ ಅದಕ್ಕಿಂತ ಹಟ ಹಿಡಿದಳು. ಕೊಳ್ಳುವಾಕೆ ಬೆಲೆ ಏರಿಸುತ್ತ, ಮಾರುವಾಕೆ ಬೆಲೆ ಇಳಿಸುತ್ತ ನಡೆದ ಆ ಚೌಕಾಶಿ ಕಮರಿಪೇಟೆಯ ಇತಿಹಾಸದಲ್ಲೇ ಇಲ್ಲ. ಆರಕ್ಕೆ ನಿಂತಿತು. ಅಲ್ಲಾಡುವ ಕಾಲನ್ನೂ ತೋರಿಸಿ ಕಳಿಸಿದಳು.

ಆರು ಸಾವಿರಕ್ಕೆ ಹೊಸ ಕುರ್ಚಿಯ ಒಂದು ಕೈ ಬಂದೀತು. ಹಳೆಯದನ್ನೇ ಹುಡುಕಿದೆ. ಕೊಳ್ಳುವವರ ಪಂಥಗಳನ್ನು ಬಲ್ಲವನಿಗೆ ಈಗ ಮಾರುವವರ ದರ್ಶನವಾಯಿತು. 'ಬಹಳ ಕಡಿಮೆ ಬಳಸಿದ್ದು' ಎಂದವರ ಕುರ್ಚಿಯಲ್ಲಿ ಮನುಷ್ಯ ಕೂತ ಆಕಾರ ಹಾಗೇ ಉಳಿದಿತ್ತು. 'ಭಾವನೆಗಳಿವೆ, ಬೆಲೆ ಇಳಿಸುವುದಿಲ್ಲ' ಎಂದವರೂ ಇದ್ದರು. ಕಡೆಗೆ ಧಾರವಾಡದಲ್ಲಿ ಒಂದು ಸಿಕ್ಕಿತು. ಕಂದು ಬಣ್ಣ, ಹಿಡಿಕೆ ಗಟ್ಟಿ, ಬೆಲೆ ಒಂಬತ್ತು. ಮಾರುವಾಕೆ ಜಯಮಾಲಾ. ಒಂಬತ್ತನ್ನು ಆರಕ್ಕೆ ತರುವುದು ನನಗೆ ಬೆಳಗಿನ ನಾಷ್ಟಾದಷ್ಟು ಸಲೀಸು. ತೊಂದರೆ ಒಂದೇ: ರೊಕ್ಕ ರಾಜೇಶ್ವರಿಯ ಪರ್ಸಿನಲ್ಲಿತ್ತು, ಪರ್ಸು ಆಕೆಯನ್ನು ಬಿಟ್ಟು ಬರುವುದಿಲ್ಲ.

"ಬಾ, ಆದ್ರ ಬಾಯಿ ತಗೀಬಾರದು," ಅಂದೆ.

"ಆತು. ನಾ ಊರು ಕೇಳಿದ್ರ ಕಡಿಮಿ ಬಿದ್ದ ರೊಕ್ಕ ನಾ ಕೊಡ್ತೇನಿ. ನೀವು ಕೇಳಿದ್ರ?"

"ನಾನಾ?" ನಾನು ಮನಸಾರೆ ನಕ್ಕೆ. "ನಾ ಕೇಳಿದ್ರ ಗಲ್ಲಾದಾಗಿಂದ ನಾನ ಕೊಡ್ತೇನಿ ತಗೋ."

ಗುಲಾಬಸಾಬನ ಟೆಂಪೋದಲ್ಲಿ ಹೋದೆವು. ಅವನು ನನ್ನ ಹಗ್ಗದ ಹಳೆಯ ಗಿರಾಕಿ. ಅವನ ಊರು ನನಗೆ ಇವತ್ತಿಗೂ ಗೊತ್ತಿಲ್ಲ, ಅಷ್ಟು ನೇಮ ನನ್ನದು.

ಜಯಮಾಲಾ ಚುರುಕು ಹೆಣ್ಣುಮಗಳು. ಮಾವನವರು ಹಗಲೆಲ್ಲ ಆ ಕುರ್ಚಿಯಲ್ಲೇ ಮಲಗಿ ಟಿವಿ ನೋಡುತ್ತಾರೆ, ಡಾಕ್ಟರು ಅಡ್ಡಾಡಿರಿ ಅಂದರೂ ಏಳುವುದಿಲ್ಲ, ಅದಕ್ಕೇ ಅವರು ಹೊರಗೆ ಹೋದ ಹೊತ್ತು ನೋಡಿ ಮಾರುತ್ತಿದ್ದೇನೆ ಎಂದು ಕಾರಣವನ್ನೂ ಮುಚ್ಚಿಡದೆ ಹೇಳಿದಳು. ಅಂದರೆ ಅವಸರದ ಮಾಲು. ನಾನು ಕುರ್ಚಿಗೆ ಸುತ್ತು ಹಾಕಿದೆ. ಚರ್ಮ ಸುಕ್ಕಾಗಿದೆ ಅಂದೆ. ಸ್ಪ್ರಿಂಗು ನರಳುತ್ತದೆ ಅಂದೆ. ನರಳಿದ್ದು ನನ್ನ ಟೊಂಕ, ಅದು ಬೇರೆ ಮಾತು. ಎದ್ದು ಹೋಗುವ ನಟನೆ ಮಾಡಿದೆ, ಬಾಗಿಲಿನಲ್ಲಿ ನಿಂತೆ, ತಿರುಗಿ ಬಂದೆ. ಒಂಬತ್ತು ಎಂಟಾಯಿತು, ಏಳಾಯಿತು, "ಮಾವ ಬರೂದ್ರಾಗ ಒಯ್ರಿ ಸಾಕು" ಎಂದು ಆರಾಯಿತು. ರಾಜೇಶ್ವರಿ ಬೊಂಬೆಯಂತೆ ಕೂತಿದ್ದಳು, ತುಟಿ ಬಿಚ್ಚಲಿಲ್ಲ. ರೊಕ್ಕ ಎಣಿಸಿ ಕೊಟ್ಟಳು. ಗುಲಾಬಸಾಬ ಕುರ್ಚಿಯನ್ನು ಟೆಂಪೋಕ್ಕೆ ಏರಿಸಿ ಹಗ್ಗ ಬಿಗಿದ. ನನ್ನದೇ ಅಂಗಡಿಯ ಹಗ್ಗ.

ಜಯಮಾಲಾ ನೀರು, ಬೆಲ್ಲ ತಂದಿಟ್ಟಳು. ಗೆದ್ದ ಮನುಷ್ಯ ಉದಾರಿಯಾಗುತ್ತಾನೆ. ರಾಜೇಶ್ವರಿ ಮಾತಾಡುವುದಿಲ್ಲ, ಜಯಮಾಲಾಗೆ ಮಾತಾಡುವ ಕಾರಣವಿಲ್ಲ. ಇನ್ನೊಬ್ಬರ ಮನೆಯಲ್ಲಿ ನೀರು ಕುಡಿಯುತ್ತ ಸುಮ್ಮನೆ ಕೂರುವುದು ನಮ್ಮ ಕಡೆಯ ಮನುಷ್ಯನಿಂದ ಆಗದ ಕೆಲಸ. ನಾನು ಲೋಟ ಕೆಳಗಿಟ್ಟೆ. ಆ ಮಾತು ನಾನು ಆಡಿದ್ದಲ್ಲ, ನಾಲಿಗೆ ತಾನಾಗಿ ಆಡಿತು.

"ಅಂದಂಗ, ತವರುಮನಿ ಯಾವೂರಾತ್ವಾ?"

ರಾಜೇಶ್ವರಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು.

"ಕುಂದಗೋಳ್ರಿ."

ನನ್ನದೂ ಕುಂದಗೋಳ. ಇಲ್ಲಿಗಾದರೂ ನಿಲ್ಲಿಸಬಹುದಿತ್ತು. "ಕುಂದಗೋಳದಾಗ ಯಾರ ಪೈಕಿ?" ಅಂದಿತು ನಾಲಿಗೆ.

"ನಮ್ಮವ್ವನ ಹೆಸರು ಗೌರಕ್ಕ ಅಂತ್ರಿ."

ಗೌರಕ್ಕ ನನ್ನ ಕಾಕಾನ ಮಗಳು. ಇವಳು ಗೌರಕ್ಕನ ಮಗಳೆಂದರೆ ನಾನು ಇವಳಿಗೆ ಸೋದರಮಾವ. ಅದನ್ನೂ ನಾಲಿಗೆಯೇ ಹೇಳಿಬಿಟ್ಟಿತು. ಇವಳ ಮದುವೆ ಮಳೆಗಾಲದ ಹೊಸ್ತಿಲಲ್ಲಿತ್ತು, ತಾಡಪತ್ರಿಯ ಸೀಜನ್ನು. ಅಂಗಡಿ ಬಿಟ್ಟು ನಾವಿಬ್ಬರೂ ಹೋಗಿರಲಿಲ್ಲ, ಅದಕ್ಕೇ ಮುಖ ಗೊತ್ತಿರಲಿಲ್ಲ.

"ಮಾಮಾ ಏನ್ರೀ ನೀವು?" ಎಂದು ಜಯಮಾಲಾ ಕಾಲಿಗೆರಗಿದಳು. ಎದ್ದವಳೇ ಆರು ಸಾವಿರವನ್ನೂ ನನ್ನ ಮುಂದೆ ಹಿಡಿದಳು. "ಮಾಮಾನ ಕಡೆ ರೊಕ್ಕ ತಗೊಂಡ್ರ ಅವ್ವ ನನ್ನ ಸುಮ್ನ ಬಿಡ್ತಾಳೇನು? ಹಂಗ ಒಯ್ರಿ."

ಒಂದು ಕ್ಷಣ, ಒಂದೇ ಕ್ಷಣ, ನನ್ನ ಕೈ ಮುಂದೆ ಹೋಯಿತು. ಅದನ್ನು ಅರ್ಧದಲ್ಲೇ ಹಿಡಿದದ್ದು ರಾಜೇಶ್ವರಿ. ಬೆಳಗಿನಿಂದ ಕಟ್ಟಿಟ್ಟ ಬಾಯಿ ಈಗ ತೆರೆಯಿತು.

"ಸೋದರಮಾವ ಅಂದ್ರ ಸೊಸಿಗೆ ಕೊಡಾಂವ, ಇಸ್ಗೊಳ್ಳಾಂವ ಅಲ್ಲ. ಸೊಸಿ ಮನಿಗೆ ಬಂದು ಮೂರು ಸಾವಿರ ಚೌಕಾಶಿ ಮಾಡಿ ಹೋದ್ರಂತ ಕುಂದಗೋಳದಾಗ ಗೊತ್ತಾದ್ರ? ಮದ್ವಿ ಆಯೇರಿನೂ ಮಾಡಿಲ್ಲ ನೀವು."

ಬೆಲೆ ಮತ್ತೆ ಒಂಬತ್ತಕ್ಕೆ ಏರಿತು. ಮೇಲೆ ಬಾಕಿ ಉಳಿದ ಮದುವೆ ಉಡುಗೊರೆಯೆಂದು ಒಂದು ಸೀರೆಯ ಆಯೇರಿ, ಅವಳ ಮಕ್ಕಳ ಕೈಗೆ ನೋಟು. ಏರಿದ್ದೆಲ್ಲವೂ, ನಾನೇ ಆಡಿದ ಮಾತಿನಂತೆ, ಗಲ್ಲಾದಿಂದ. ಹೊರಗೆ ಗುಲಾಬಸಾಬ ಹಾರ್ನ್ ಹೊಡೆದು, "ಸಾವಕಾರ್ರ, ಬಳಗ ಇನ್ನೂ ಎಷ್ಟೊತ್ತೈತ್ರಿ? ಬಾಡಿಗಿ ಏರಾಕತ್ತೇತಿ," ಅಂದ.

ಆದರೂ ಕುರ್ಚಿ ಬಂತಲ್ಲ. ಇಡೀ ವಾರ ಅಂಗಡಿಯಿಂದ ಬಂದು ಅರೆಗಳಿಗೆ ಮಲಗಿದೆ. ಭಾನುವಾರ ದಿನವಿಡೀ ಮಲಗುವುದೆಂದು ನಿಶ್ಚಯಿಸಿ, ಸ್ನಾನ ಮುಗಿಸಿ ಬಂದೆ. ಬಾಗಿಲಲ್ಲಿ ಬಿಳಿ ಧೋತರದ ಹಿರಿಯರೊಬ್ಬರು ನಿಂತಿದ್ದರು.

"ನಾ ಶಾಂತಯ್ಯ. ಜಯಮಾಲಾನ ಮಾವ. ಡಾಕ್ಟರು ಅಡ್ಡಾಡ್ರಿ ಅಂದಾರ. ಚಿಗರಿ ಬಸ್ಸಿನ್ಯಾಗ ಕುಂತು ಬೀಗರನ್ನ ಮಾತಾಡಿಸ್ಕೊಂಡು ಬಂದ್ರಾತು ಅಂತ ಬಂದೆ."

ಒಳಗೆ ಬಂದರು. ಸುತ್ತ ನೋಡಲಿಲ್ಲ. ನೆಟ್ಟಗೆ ಹೋಗಿ ಕುರ್ಚಿಯಲ್ಲಿ ಕೂತರು. ಕೈ ತಾನಾಗಿ ಹಿಡಿಕೆ ಹುಡುಕಿತು. ಬೆನ್ನು ಹಿಂದಕ್ಕೆ, ಕಾಲು ಮೇಲಕ್ಕೆ. ರಾಜೇಶ್ವರಿ ಟಿವಿ ಹಚ್ಚಿಕೊಟ್ಟಳು.

"ಎಷ್ಟೊತ್ತು ಇರ್ತಾರಂತ?" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದೆ.

"ಗಂಡಿನ ಕಡೆ ಬೀಗರು. ಎಬ್ಬಿಸ್ತೀರೇನು, ಹೋಗಿ ಎಬ್ಬಿಸ್ರಿ."

ಆಮೇಲೆ ಬಂದ ಭಾನುವಾರಗಳೂ ಹೀಗೇ ಕಳೆದಿವೆ. ಅವರು ಕುರ್ಚಿಯ ಮೇಲೆ, ನಾನು ಎದುರಿಗೆ ಚಾಪೆಯ ಮೇಲೆ. ಮೊನ್ನೆ ಊಟವಾದ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಎಷ್ಟು ಕೊಟ್ರಿ ಇದಕ್ಕ?"

"ಒಂಬತ್ತು," ಅಂದೆ. ಆಯೇರಿ ಸೇರಿಸಲಿಲ್ಲ.

ಶಾಂತಯ್ಯನವರು ಕಣ್ಣು ತೆರೆದು ನನ್ನನ್ನು ಕನಿಕರದಿಂದ ನೋಡಿದರು.

"ಒಂಬತ್ತಾ? ಯಾವನೋ ಅಂಗಡಿ ಖಾಲಿ ಮಾಡೂ ಮುಂದ ನಾ ಇದನ್ನ ಹೊಸಾದ ಎಂಟಕ್ಕ ತಂದಿದ್ದೆ." ಹಿಡಿಕೆಯನ್ನು ಇನ್ನೊಂದು ಹಂತ ಹಿಂದಕ್ಕೆ ಎಳೆದು, ಕಾಲು ಚೆನ್ನಾಗಿ ಚಾಚಿದರು. "ಕೊಡೂಕಿಂತ ಮೊದಲ ನನಗೊಂದು ಮಾತು ಕೇಳಬಾರದಿತ್ತೇನ್ರಿ? ನಾವೇನು ಹೊರಗಿನವರೇನು?"